ಭಾಷಾ ಕಲಿಕೆ, ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿ: ಬೆಂಗಳೂರು ಹಾಗೂ ಕರ್ನಾಟಕದ ಸಂಶೋಧನೆ

ಮಗು ಯಾವ ಭಾಷೆಯಲ್ಲಿ ಓದುಬರಹ ಕಲಿಯಬೇಕು, ಕಲಿತ ಭಾಷೆ ಮುಂದೆ ಎಂಥ ಕೆಲಸ, ಎಷ್ಟು ಸಂಬಳ ತಂದುಕೊಡುತ್ತದೆ, ಈ ಎರಡರ ನಡುವೆ ಸರ್ಕಾರ ಎಷ್ಟರಮಟ್ಟಿಗೆ ಕೈಹಾಕಬಹುದು ಎಂಬ ಮೂರು ಪ್ರಶ್ನೆಗಳ ಸುತ್ತ ಬೆಳೆದ ಅಧ್ಯಯನ ಕ್ಷೇತ್ರ. ಮೊದಲನೆಯದು ಭಾಷಾವಿಜ್ಞಾನಿ ಹಾಗೂ ಶಿಕ್ಷಣತಜ್ಞರದು, ಎರಡನೆಯದು ಅರ್ಥಶಾಸ್ತ್ರಜ್ಞರದು, ಮೂರನೆಯದು ನೀತಿ ಅಧ್ಯಯನ ಹಾಗೂ ಕಾನೂನಿನದು. ಕರ್ನಾಟಕದಲ್ಲಿ ಈ ಮೂರೂ ಒಂದೇ ತರಗತಿಯ ಬಾಗಿಲಲ್ಲಿ ಎದುರಾಗುತ್ತವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ, ರಾಜ್ಯದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಮೂರನೇ ಎರಡು ಭಾಗ. ಬೆಂಗಳೂರು ನಗರ ಜಿಲ್ಲೆಯಲ್ಲಾದರೆ ಅದು ಅರ್ಧಕ್ಕಿಂತ ಕಡಿಮೆ. ರಾಜ್ಯದ ಭಾಷಾ ನೀತಿ ರೂಪುಗೊಳ್ಳುವ ಊರಲ್ಲೇ ರಾಜ್ಯದ ಭಾಷೆ ಬಹುಸಂಖ್ಯಾತರ ಮನೆಮಾತಲ್ಲ ಎಂಬ ಈ ಸ್ಥಿತಿಯೇ ಇಲ್ಲಿನ ಸಂಶೋಧನೆಗೆ ಬಿಸಿ ತಂದದ್ದು.

ಹಿನ್ನೆಲೆ

1956ರ ನವೆಂಬರ್ 1ಕ್ಕೆ ಮುನ್ನ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ್ಯ, ಹೈದರಾಬಾದ್ ಸಂಸ್ಥಾನ, ಮದ್ರಾಸ್ ಪ್ರಾಂತ್ಯ ಮತ್ತು ಕೊಡಗಿನಲ್ಲಿ ಹಂಚಿಹೋಗಿದ್ದರು. ಹೈದರಾಬಾದ್ ಕರ್ನಾಟಕದಲ್ಲಿ ಉರ್ದು, ಮುಂಬಯಿ ಕರ್ನಾಟಕದಲ್ಲಿ ಮರಾಠಿ ಮೇಲುಗೈ ಪಡೆದಿದ್ದವು. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಹೋರಾಡಬೇಕಾಗಿ ಬಂದದ್ದು ಈ ಕಾರಣಕ್ಕೇ. ಈ ಹಂಚಿಕೆಯ ಪರಿಣಾಮವನ್ನು ಅಂಕಿಅಂಶಗಳಲ್ಲಿ ಅಳೆದವರು ಅರ್ಥಶಾಸ್ತ್ರಜ್ಞ ತರುಣ್ ಜೈನ್. 2017ರಲ್ಲಿ ಪ್ರಕಟವಾದ ಅವರ ಅಧ್ಯಯನ, ಪ್ರಾಂತ್ಯದ ಆಡಳಿತ ಭಾಷೆಯೂ ಜಿಲ್ಲೆಯ ಜನಭಾಷೆಯೂ ಒಂದೇ ಆಗಿದ್ದ ಜಿಲ್ಲೆಗಳನ್ನು ಬೇರೆಬೇರೆಯಾಗಿದ್ದ ಜಿಲ್ಲೆಗಳೊಡನೆ ಹೋಲಿಸಿತು. ಭಾಷೆ ಹೊಂದದ ಜಿಲ್ಲೆಗಳಲ್ಲಿ ಸಾಕ್ಷರತೆ ಶೇ 18.8ರಷ್ಟು, ಪದವೀಧರರ ಪ್ರಮಾಣ ಶೇ 27.6ರಷ್ಟು ಕಡಿಮೆ ಇತ್ತು. ಭಾಷಾವಾರು ಪ್ರಾಂತ್ಯ ರಚನೆಯ ನಂತರ ಈ ಅಂತರ ತುಂಬಿಕೊಳ್ಳುತ್ತ ಬಂತು. ಏಕೀಕರಣ ಭಾವನೆಯ ಮಾತಷ್ಟೇ ಆಗಿರಲಿಲ್ಲ, ಅಕ್ಷರದ ಲೆಕ್ಕವೂ ಅದರಲ್ಲಿತ್ತು ಎಂಬುದಕ್ಕೆ ಇದು ಆಧಾರ.

ಆದರೂ ಹಿಂದುಳಿದಿರುವಿಕೆಗೆ ಭಾಷೆಯೊಂದೇ ಕಾರಣವಲ್ಲ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಹೆಚ್ಚಿನವು ಗುಲಬರ್ಗಾ ವಿಭಾಗದವು. ಏಕೀಕರಣವಾಗಿ ನಾಲ್ಕೂವರೆ ದಶಕ ಕಳೆದರೂ ಹಳೆಯ ಗಡಿಗಳ ಗುರುತು ಅಳಿಸಿರಲಿಲ್ಲ.

ಸಂಸ್ಥೆಗಳು

ಈ ಕ್ಷೇತ್ರದ ಎರಡು ಮುಖ್ಯ ಸಂಸ್ಥೆಗಳ ಹುಟ್ಟಿಗೆ ಒಬ್ಬರೇ ವ್ಯಕ್ತಿಯ ನಂಟಿದೆ. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರ ಜುಲೈ 17ರಂದು ಆರಂಭವಾದಾಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. 1972ರಲ್ಲಿ ಅವರೇ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಐಸೆಕ್ ಅನ್ನು ಸ್ಥಾಪಿಸಿದರು. ಭಾಷಾ ಸಂಸ್ಥಾನದ ಮೊದಲ ನಿರ್ದೇಶಕ ಡಿ.ಪಿ. ಪಟ್ಟನಾಯಕ್ ಬಹುಭಾಷಿಕತೆ ಹೊರೆಯಲ್ಲ, ಸಂಪತ್ತು ಎಂಬ ವಾದವನ್ನು 1981ರ ತಮ್ಮ ಕೃತಿಯಲ್ಲಿ ಮಂಡಿಸಿದರು. ಐಸೆಕ್ ವಿಕೇಂದ್ರೀಕರಣ, ಶಿಕ್ಷಣ, ಜನಸಂಖ್ಯೆ ಮೊದಲಾದ ವಿಷಯಗಳತ್ತ ಗಮನಕೊಟ್ಟಿತು.

ದಕ್ಷಿಣ ಬೆಂಗಳೂರಿನಲ್ಲಿ ಇಂಥ ಸಂಸ್ಥೆಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಜೆ.ಪಿ. ನಗರ ಮತ್ತು ಬಿ.ಟಿ.ಎಂ. ಲೇಔಟ್‌ಗೆ ಹತ್ತಿರದ ಬನ್ನೇರುಘಟ್ಟ ರಸ್ತೆಯಲ್ಲಿ 1973ರಲ್ಲಿ ಸ್ಥಾಪನೆಯಾದ ಭಾರತೀಯ ನಿರ್ವಹಣಾ ಸಂಸ್ಥೆ ಐಐಎಂಬಿ ಇದೆ. ಅಲ್ಲಿ 2000ದಲ್ಲಿ ಸಾರ್ವಜನಿಕ ನೀತಿ ಕೇಂದ್ರ ಆರಂಭವಾಯಿತು. ಬನಶಂಕರಿ 3ನೇ ಹಂತದ ನೂರಡಿ ವರ್ತುಲ ರಸ್ತೆಯಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಕರ್ನಾಟಕ ಪಠ್ಯಪುಸ್ತಕ ಸಂಘವೂ ಇವೆ. ಬೀದರ್‌ನಿಂದ ಚಾಮರಾಜನಗರದವರೆಗೆ ಸರ್ಕಾರಿ ಶಾಲೆಯ ಮಗು ಕೈಗೆತ್ತಿಕೊಳ್ಳುವ ಪುಸ್ತಕದಲ್ಲಿ ಅಚ್ಚಾಗುವುದು ಇದೇ ವಿಳಾಸ. ಜಯನಗರದ ಆರ್.ವಿ. ಶಿಕ್ಷಕರ ಕಾಲೇಜು ತಲೆಮಾರುಗಳಿಂದ ಅಧ್ಯಾಪಕರನ್ನು ತಯಾರಿಸಿದೆ. ಜಯನಗರ 4ನೇ ಟಿ ಬ್ಲಾಕ್‌ನ ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ತಂತ್ರಜ್ಞಾನ ನೀತಿಯ ಅಧ್ಯಯನದ ಜತೆಗೆ, ಸರ್ಕಾರಿ ಶಾಲಾ ಶಿಕ್ಷಕರೇ ಕನ್ನಡದಲ್ಲಿ ಮುಕ್ತ ಪಾಠ ಸಾಮಗ್ರಿ ರಚಿಸಿ ಹಂಚಿಕೊಳ್ಳುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಇಲಾಖೆಯೊಡನೆ ದುಡಿದಿದೆ. ಬಸವನಗುಡಿಯಿಂದ ಕೆಲಸ ಮಾಡುವ ಬಜೆಟ್ ಮತ್ತು ನೀತಿ ಅಧ್ಯಯನ ಕೇಂದ್ರ ಶಿಕ್ಷಣಕ್ಕೆ ಇಟ್ಟ ಹಣ ಎಲ್ಲಿ ಸೇರುತ್ತದೆ ಎಂಬುದನ್ನು ಪರಿಶೀಲಿಸುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಮಿದುಳು ಮತ್ತು ಬಹುಭಾಷಿಕತೆಯ ಅಧ್ಯಯನದಲ್ಲಿ ತೊಡಗಿದೆ. ಸಾರ್ವಜನಿಕ ಸೇವೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವ ವರದಿ ಕಾರ್ಡ್ ಪದ್ಧತಿಯನ್ನು ಸ್ಯಾಮ್ಯುಯೆಲ್ ಪಾಲ್ ಮೊದಲು ಪ್ರಯೋಗಿಸಿದ್ದೂ 1990ರ ದಶಕದ ಬೆಂಗಳೂರಿನಲ್ಲೇ. ಅದರ ಬೆನ್ನಿಗೆ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಸ್ಥಾಪನೆಯಾಯಿತು.

ಬೆಂಗಳೂರು ಯೋಜನೆ

ಭಾಷಾ ಬೋಧನೆಯ ಜಾಗತಿಕ ಸಾಹಿತ್ಯದಲ್ಲಿ ಈ ಊರಿನ ಹೆಸರು ನಿಂತಿರುವುದು ‘ಬೆಂಗಳೂರು ಯೋಜನೆ’ಯಿಂದ. ದಕ್ಷಿಣದ ನಾಲ್ಕು ರಾಜ್ಯಗಳಿಗಾಗಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹಾಗೂ ಬ್ರಿಟಿಷ್ ಕೌನ್ಸಿಲ್‌ನ ನೆರವಿನಿಂದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಇದನ್ನು ನಡೆಸಿದರು. ಬೆಂಗಳೂರು, ಮದ್ರಾಸ್ ಮೊದಲಾದ ಕಡೆಯ ಶಾಲೆಗಳ ಎಂಟು ತರಗತಿಗಳಲ್ಲಿ ಪ್ರಯೋಗ ನಡೆಯಿತು.

ಆಗಿನ ವಾಡಿಕೆಯಂತೆ ಇಂಗ್ಲಿಷ್ ಪಾಠವೆಂದರೆ ವಾಕ್ಯರಚನೆಗಳನ್ನು ಒಂದೊಂದಾಗಿ ತಿದ್ದಿಸುವುದು. ಪ್ರಭು ಆ ಪಟ್ಟಿಯನ್ನೇ ಕೈಬಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಮುಂತಾದವನ್ನು ಇಡಲಾಯಿತು. ಇಷ್ಟು ಗಂಟೆಗೆ ಊರು ತಲುಪಬೇಕಾದವನು ಯಾವ ರೈಲು ಹಿಡಿಯಬೇಕು, ಈ ಮೂಲೆಯಿಂದ ಅಂಚೆ ಕಚೇರಿಗೆ ಹೇಗೆ ಹೋಗಬೇಕು ಎಂಬಂಥ ಸಮಸ್ಯೆಗಳನ್ನು ಶಿಕ್ಷಕರು ಮೊದಲು ಇಡೀ ತರಗತಿಯ ಜತೆ ಮಾತನಾಡುತ್ತ ಬಿಡಿಸುತ್ತಿದ್ದರು. ಆಮೇಲೆ ಅಂಥದೇ ಇನ್ನೊಂದು ಲೆಕ್ಕವನ್ನು ಪ್ರತಿ ಮಗು ತಾನೇ ಮಾಡಬೇಕು. ಗಮನವೆಲ್ಲ ಉತ್ತರದ ಮೇಲಿದ್ದಾಗ ವ್ಯಾಕರಣ ತನ್ನಷ್ಟಕ್ಕೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರು ಇದನ್ನು ಪುಸ್ತಕವಾಗಿ ಹೊರತಂದರು. ಇಂದು ಜಗತ್ತಿನ ನಾನಾ ಕಡೆ ಚಾಲ್ತಿಯಲ್ಲಿರುವ ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಚರ್ಚೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ.

ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಈ ನಂಬಿಕೆಗೆ ಎಚ್ಚರದ ಬೆಂಬಲ ನೀಡಿತು. ಬೆರೆಟಾ ಮುಂದೆ 1990ರಲ್ಲಿ ತೋರಿಸಿದ ಸಂಗತಿ ನೀತಿಯ ದೃಷ್ಟಿಯಿಂದ ಇನ್ನೂ ಮುಖ್ಯವಾದುದು: ಯೋಜನೆಗೆಂದೇ ಬಂದ ತಜ್ಞ ಶಿಕ್ಷಕರ ಕೈಯಲ್ಲಿ ಪದ್ಧತಿ ನಡೆದಷ್ಟು ಸಲೀಸಾಗಿ ಶಾಲೆಯ ಖಾಯಂ ಶಿಕ್ಷಕರ ಕೈಯಲ್ಲಿ ನಡೆದಿರಲಿಲ್ಲ. ಪ್ರಯೋಗದಲ್ಲಿ ಗೆದ್ದದ್ದು ಇಲಾಖೆಯ ಸುತ್ತೋಲೆಯಾಗಿ ಎಲ್ಲ ಶಾಲೆ ತಲುಪಿದಾಗ ಸೊರಗುವುದು ಮುಂದಿನ ಅನೇಕ ಕಾರ್ಯಕ್ರಮಗಳಲ್ಲೂ ಕಂಡುಬಂದ ಸಮಸ್ಯೆ.

ಕನ್ನಡ ಓದಿನ ಅಧ್ಯಯನ

ಓದು ಕಲಿಯುವ ಬಗೆಗಿನ ಪಾಶ್ಚಾತ್ಯ ಸಿದ್ಧಾಂತಗಳು ಬಹುಪಾಲು ಇಂಗ್ಲಿಷ್ ಮಕ್ಕಳನ್ನು ನೋಡಿ ಕಟ್ಟಿದವು. ಕನ್ನಡದ ಲಿಪಿ ಬೇರೆ ಜಾತಿಯದು. ವರ್ಣಮಾಲೆಯಲ್ಲಿ ಐವತ್ತರ ಆಸುಪಾಸಿನ ಅಕ್ಷರಗಳಿದ್ದರೂ ಕಾಗುಣಿತ ಮತ್ತು ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ಸ್ವರ. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು, ಅದರ ಗುರುತಾದ ಅರ್ಕಾವೊತ್ತು ಬರುವುದು ಯಕಾರದ ನಂತರ. ಕಿವಿಯ ಕ್ರಮಕ್ಕೂ ಕಣ್ಣಿನ ಕ್ರಮಕ್ಕೂ ಇರುವ ಈ ವ್ಯತ್ಯಾಸ ಎಳೆಯ ಓದುಗರನ್ನು ಕಾಡುತ್ತದೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರತಿಭಾ ಕಾರಂತರು, ಭಾಷಾ ಸಂಸ್ಥಾನದ ಬೆಂಬಲದಲ್ಲಿ ಜಿ. ಪುರುಷೋತ್ತಮ ಮೊದಲಾದವರು ಕನ್ನಡ ಓದಿನ ಪರೀಕ್ಷೆಗಳಿಗೆ ತಳಹದಿ ಹಾಕಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರಕ್ಕೆ ಅಂತರರಾಷ್ಟ್ರೀಯ ಗಮನ ತಂದಿತು. ಇಂಗ್ಲಿಷ್ ಅಕ್ಷರಗಳನ್ನು ಮಗು ಒಂದೆರಡು ವರ್ಷದಲ್ಲಿ ಗುರುತಿಸಲು ಕಲಿತರೆ, ಕನ್ನಡದ ಅಕ್ಷರ ಸಂಪತ್ತು ಕೈವಶವಾಗಲು ನಾಲ್ಕನೇ ತರಗತಿ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಅಕ್ಷರವನ್ನು ಬಿಡಿ ಧ್ವನಿಗಳಾಗಿ ಒಡೆದು ಕೇಳಿಸಿಕೊಳ್ಳುವ ಶಕ್ತಿಯೂ ನಿಧಾನವಾಗಿ ಬರುತ್ತದೆ ಎಂದು ಅವರು ತೋರಿಸಿದರು. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಮಗು ಸರಾಗವಾಗಿ ಓದಬೇಕೆಂಬ ನಿರೀಕ್ಷೆ ಕನ್ನಡಕ್ಕೆ ಹೊಂದದ ಅಳತೆಗೋಲು ಎಂಬುದು ಇದರ ತಾತ್ಪರ್ಯ.

ಲಿಪಿಯ ಈ ಭಾರವನ್ನು ಹಗುರ ಮಾಡುವ ಸರ್ಕಾರಿ ಪ್ರಯತ್ನ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಮಾದರಿಯಿಂದ ಪ್ರೇರಿತವಾಗಿ, ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಅಕ್ಷರಗಳು ಅ, ಆ, ಇ, ಈ ಎಂಬ ಸಾಲಿನಲ್ಲಿ ಬರುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ ಕಲಿತ ಮಗು ಅರಸ, ಅಗಸ, ಸರ, ಗರಗಸ ಎಂದು ಓದಬಲ್ಲದು. ಕಾರ್ಡುಗಳ ಮೂಲಕ, ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲು ಹತ್ತುತ್ತ, ತನ್ನ ವೇಗದಲ್ಲಿ ಮಗು ಮುಂದುವರಿಯುತ್ತದೆ.

ಈ ಏರ್ಪಾಡು ತರಗತಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಮತ್ತು ಸಂಗಡಿಗರು ಹತ್ತಿರದಿಂದ ನೋಡಿದರು. ಯಾದಗಿರಿಯ ಕನ್ನಡ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾ ತಾಲ್ಲೂಕಿನ ಮರಾಠಿ ಶಾಲೆಗಳ ಮಕ್ಕಳನ್ನೂ ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿದ ಈ ಅಧ್ಯಯನದ ವರದಿ 2017ರಲ್ಲಿ ಹೊರಬಂತು. ಬೋಧನೆಯ ಸಮಯ ಬಹುಪಾಲು ಅಕ್ಷರ ತಿದ್ದುವುದಕ್ಕೇ ಹೋಗುತ್ತದೆ, ಅರ್ಥ ಗ್ರಹಿಕೆಗೂ ಸ್ವಂತ ಬರವಣಿಗೆಗೂ ಉಳಿಯುವುದು ಅಲ್ಪ, ಆದರೂ ಅನೇಕ ಮಕ್ಕಳು ಮೂರನೇ ತರಗತಿಯ ಕೊನೆಯಲ್ಲೂ ಕಾಗುಣಿತ, ಒತ್ತಕ್ಷರಗಳಲ್ಲಿ ಎಡವುತ್ತಾರೆ ಎಂದು ಅದು ಹೇಳಿತು. ಯಾದಗಿರಿ ಸೀಮೆಯಲ್ಲಿ ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳೂ ಇದ್ದಾರೆ. ಲಂಬಾಣಿ ತಾಂಡಾದಿಂದ ಬರುವ ಮಗುವಿಗೆ ಕನ್ನಡ ಮಾಧ್ಯಮವೂ ಮಾತೃಭಾಷಾ ಮಾಧ್ಯಮವಲ್ಲ. ರಾಜಧಾನಿಯ ವಾದವಿವಾದಗಳಲ್ಲಿ ಈ ಮಗು ಕಾಣಿಸಿಕೊಳ್ಳುವುದು ಅಪರೂಪ.

ಭಾಷೆಯ ಅರ್ಥಶಾಸ್ತ್ರ

ತಂದೆತಾಯಿ ಇಂಗ್ಲಿಷ್ ಮೀಡಿಯಂ ಹುಡುಕಿಕೊಂಡು ಹೋಗುವುದು ಬರೀ ಮೋಹದಿಂದಲೇ ಎಂಬ ಮಾತಿಗೆ ಅರ್ಥಶಾಸ್ತ್ರಜ್ಞರ ಉತ್ತರ ಬೇರೆ. ಮೆಹ್ತಾಬುಲ್ ಅಜಮ್, ಏಮಿ ಚಿನ್ ಮತ್ತು ನಿಶಿತ್ ಪ್ರಕಾಶ್ 2005ರ ರಾಷ್ಟ್ರೀಯ ಕುಟುಂಬ ಸಮೀಕ್ಷೆಯೊಂದನ್ನು ಆಧರಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಿರರ್ಗಳ ಇಂಗ್ಲಿಷ್ ಬಲ್ಲ ಗಂಡಸರ ಗಂಟೆವಾರು ಗಳಿಕೆ ಇಂಗ್ಲಿಷ್ ಬಾರದವರಿಗಿಂತ ಶೇ 34ರಷ್ಟು ಹೆಚ್ಚು. ಅಲ್ಪಸ್ವಲ್ಪ ಬಲ್ಲವರದು ಶೇ 13ರಷ್ಟು ಹೆಚ್ಚು. ವಿದ್ಯಾಭ್ಯಾಸ, ವಯಸ್ಸು, ಸಾಮಾಜಿಕ ಹಿನ್ನೆಲೆಗಳ ವ್ಯತ್ಯಾಸ ಕಳೆದ ಮೇಲೂ ಉಳಿಯುವ ಅಂತರ ಇದು.

ಎಮಿಲಿ ಆಸ್ಟರ್ ಮತ್ತು ಬ್ರೈಸ್ ಮಿಲೆಟ್ ಸ್ಟೈನ್‌ಬರ್ಗ್ ಅದೇ ವರ್ಷ ಪ್ರಕಟಿಸಿದ ಅಧ್ಯಯನ ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡುಗಳ ಶಾಲಾ ದಾಖಲಾತಿಯನ್ನು ಪರಿಶೀಲಿಸಿತು. ಕಾಲ್ ಸೆಂಟರ್‌ನಂಥ ಮಾಹಿತಿ ತಂತ್ರಜ್ಞಾನ ಸೇವಾ ಕೇಂದ್ರವೊಂದು ತೆರೆದರೆ ಸುತ್ತಲಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಶೇ 5.7ರಷ್ಟು ಏರುತ್ತದೆ, ಕೆಲವೇ ಕಿಲೋಮೀಟರ್ ಆಚೆಗೆ ಆ ಪರಿಣಾಮ ಕಾಣುವುದಿಲ್ಲ, ಏರಿಕೆಯೆಲ್ಲ ಇಂಗ್ಲಿಷ್ ಮಾಧ್ಯಮ ಶಾಲೆಗಳದು. ಕೆಲಸ ಕಣ್ಣೆದುರಿಗೆ ಕಂಡರೆ ಮಾತ್ರ ಕುಟುಂಬಗಳು ಭಾಷೆಯ ಮೇಲೆ ಹಣ ಹೂಡುತ್ತವೆ ಎಂಬುದು ಇದರ ಸೂಚನೆ. ಗೌರಿ ಕಾರ್ತಿನಿ ಶಾಸ್ತ್ರಿ 2012ರಲ್ಲಿ ತೋರಿಸಿದಂತೆ, ಹಿಂದಿಗೂ ಸ್ಥಳೀಯ ಭಾಷೆಗೂ ದೂರ ಹೆಚ್ಚಿದ್ದ ಜಿಲ್ಲೆಗಳಲ್ಲಿ ಜನ ಸಂಪರ್ಕ ಭಾಷೆಯಾಗಿ ಇಂಗ್ಲಿಷ್ ಕಲಿತರು. ಮಾಹಿತಿ ತಂತ್ರಜ್ಞಾನದ ಉದ್ಯೋಗಗಳೂ ಅಂಥಲ್ಲೇ ಹೆಚ್ಚು ಬೆಳೆದವು.

ಈ ಲಾಭ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕೆರೊಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಬಗ್ಗೆ 2006ರಲ್ಲಿ ಕೊಟ್ಟ ವರದಿ, ಈ ಉದ್ಯಮ ಬೇಡುವುದು ತಾಂತ್ರಿಕ ಜ್ಞಾನವನ್ನಷ್ಟೇ ಅಲ್ಲ, ಒಂದು ಬಗೆಯ ಮಾತು, ನಡೆ, ಆತ್ಮವಿಶ್ವಾಸವನ್ನೂ ಎಂದು ವಿವರಿಸಿತು. ನಗರದ ಮಧ್ಯಮ ವರ್ಗಕ್ಕೆ ಅವು ಮನೆಯಲ್ಲೇ ದಕ್ಕುತ್ತವೆ; ಹಳ್ಳಿಯ ಕನ್ನಡ ಮೀಡಿಯಂ ಪದವೀಧರರು ಇಪ್ಪತ್ತು ದಾಟಿದ ಮೇಲೆ ಕಲಿಯಬೇಕು.

ಕನ್ನಡಕ್ಕೂ ಮಾರುಕಟ್ಟೆ ಬೆಲೆ ತರುವ ಯತ್ನಗಳನ್ನು ಸರ್ಕಾರ ಮಾಡಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿ ಶಿಕ್ಷಣದ ಪ್ರವೇಶದಲ್ಲೂ ರಾಜ್ಯ ಸರ್ಕಾರಿ ನೇಮಕಾತಿಯಲ್ಲೂ ಶೇ 5ರ ಮೀಸಲು ಇದೆ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆ ಇನ್ನೂ ಮುಂದೆ ಹೋಗಿ, ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70ನ್ನು ಸ್ಥಳೀಯರಿಗೆ ಮೀಸಲಿಡಲು ಹೊರಟಿತ್ತು. ಕನ್ನಡ ಓದು, ಬರಹ, ಮಾತು ಬಲ್ಲವರಾಗಿರುವುದು ‘ಸ್ಥಳೀಯ’ರೆನಿಸಿಕೊಳ್ಳಲು ಒಂದು ಷರತ್ತು. ಉದ್ಯಮ ವಲಯದ ವಿರೋಧದ ಬೆನ್ನಲ್ಲೇ ಮಸೂದೆಯನ್ನು ತಡೆಹಿಡಿಯಲಾಯಿತು.

ನೀತಿ ಮತ್ತು ನ್ಯಾಯಾಲಯ

ರಾಜ್ಯದ 1963ರ ರಾಜಭಾಷಾ ಅಧಿನಿಯಮದ ನಂತರ ದೊಡ್ಡ ತಿರುವು ವಿ.ಕೃ. ಗೋಕಾಕ್ ಸಮಿತಿಯದು. 1980ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ವರದಿಯ ಜಾರಿಗಾಗಿ ಡಾ. ರಾಜ್‌ಕುಮಾರ್ ಮುಂದಾಳುತನದಲ್ಲಿ ನಡೆದ ಚಳವಳಿಯ ನಂತರ 1982ರ ಜುಲೈ 20ರಂದು ಆದೇಶ ಹೊರಬಿತ್ತು. 1989ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಬದಲಾದ ನೀತಿಯನ್ನು 1993ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1994ರ ಏಪ್ರಿಲ್ 29ರ ಆದೇಶ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಿತು. 2008ರಲ್ಲಿ ಹೈಕೋರ್ಟ್ ಖಾಸಗಿ ಶಾಲೆಗಳ ಪರ ನಿಂತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ವಾಕ್‌ಸ್ವಾತಂತ್ರ್ಯದ ಭಾಗ, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ ಎಂದು ಪ್ರಕರಣಕ್ಕೆ ತೆರೆ ಎಳೆಯಿತು.

ಮಾಧ್ಯಮದ ದಾರಿ ಮುಚ್ಚಿದ ಮೇಲೆ ಸರ್ಕಾರ ವಿಷಯದ ದಾರಿ ಹಿಡಿಯಿತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಇತ್ತ ಸರ್ಕಾರಿ ಶಾಲೆಗಳಲ್ಲೇ 2007-08ರಿಂದ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜತೆಗೆ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕೆ.ವಿ. ನಾರಾಯಣ ಮೊದಲಾದ ಚಿಂತಕರು ಭಾಷಾ ನೀತಿಯನ್ನು ಅಧಿಕಾರ, ಜಾತಿ, ವರ್ಗಗಳ ಜತೆಯಿಟ್ಟು ವಿಶ್ಲೇಷಿಸಿದ್ದಾರೆ.

ಗಡಿಯಾಚೆ ಇದೇ ಪ್ರಶ್ನೆ ತಿರುಗುಮುರುಗಾಗುತ್ತದೆ. ಕೇರಳದ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ 2017ರ ಕ್ರಮವನ್ನು ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು. ಕರ್ನಾಟಕದಲ್ಲಿ ಬಹುಸಂಖ್ಯಾತರ ಹಕ್ಕೊತ್ತಾಯವಾಗಿರುವ ಮಾತೃಭಾಷಾ ವಾದ ಅಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ವಾದ.

ನಗರದಲ್ಲಿ ಕನ್ನಡ

ಇತಿಹಾಸಕಾರ್ತಿ ಜಾನಕಿ ನಾಯರ್ 1996ರ ಲೇಖನವೊಂದರಲ್ಲೂ 2005ರ ಬೆಂಗಳೂರು ಕುರಿತ ಗ್ರಂಥದಲ್ಲೂ ಕನ್ನಡ ಚಳವಳಿಯನ್ನು ನಗರದ ಉದ್ಯೋಗ, ಸಾರ್ವಜನಿಕ ವಲಯದ ಕಾರ್ಖಾನೆ ಮತ್ತು ವ್ಯಾಪಾರದ ಹಿನ್ನೆಲೆಯಲ್ಲಿ ಓದಿದ್ದಾರೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ, ಆಮೇಲೆ ಬೆಳೆದ ಬನಶಂಕರಿ ಹಳೆಯ ಕನ್ನಡ ಕುಟುಂಬಗಳ ಬಡಾವಣೆಗಳೆಂದು ಹೆಸರಾದರೆ, ಹಳ್ಳಿಗಳಿಂದ ಹೆಸರು ಪಡೆದ ಬಿ.ಟಿ.ಎಂ. ಲೇಔಟ್ ಇಂದು ಪಿ.ಜಿ.ಗಳ, ಹೊರರಾಜ್ಯದ ಯುವ ನೌಕರರ ತಾಣ. ಅಲ್ಲಿ ಕನ್ನಡ ಕಲಿಯುವ ಅಗತ್ಯ ಬೀಳುವುದು ಕಚೇರಿಯಲ್ಲಲ್ಲ. ಆಟೊ, ತರಕಾರಿ ಗಾಡಿ, ಮನೆ ಓನರ್, ಪಾಲಿಕೆ ಕೌಂಟರ್‌ಗಳಲ್ಲಿ. ಭಾಷಾ ಸಂಸ್ಥಾನದ ಲಿಂಗದೇವರು ಹಳೆಮನೆ ರಚಿಸಿದ ‘ಕನ್ನಡ ಕಲಿ’ಯಂಥ ಪಠ್ಯಗಳೂ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕಲಿಕಾ ತರಗತಿಗಳೂ ಇಂಥ ವಯಸ್ಕರಿಗಾಗಿಯೇ ಇವೆ. ಅಂಗಡಿ ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆ ನಗರದ ಗೋಡೆಗಳಿಗೆ ಕನ್ನಡ ತಂದಿತು. ನಾಲಿಗೆಗೆ ತರುವ ಕೆಲಸ ಕಲಿಕೆಯದೇ.

ಮೌಲ್ಯಮಾಪನ ಮತ್ತು ಈಚಿನ ಬೆಳವಣಿಗೆ

ಮೂರು ಶಿಸ್ತುಗಳ ಅಳತೆಗಳು ಬೇರೆ. ಭಾಷಾವಿಜ್ಞಾನಿ ಅಳೆಯುವುದು ಗ್ರಹಿಕೆಯನ್ನು, ಅರ್ಥಶಾಸ್ತ್ರಜ್ಞ ಸಂಬಳ ಮತ್ತು ದಾಖಲಾತಿಯನ್ನು, ನ್ಯಾಯಾಲಯ ಹಕ್ಕನ್ನು. ಸಂಬಳದ ಅಧ್ಯಯನಗಳು ಇಂಗ್ಲಿಷ್ ಬಲ್ಲವರ ಲಾಭವನ್ನು ತೋರಿಸುತ್ತವೆ. ಇಂಗ್ಲಿಷ್ ಮಾಧ್ಯಮದಲ್ಲಿ ಕೂತ ಮಗುವಿಗೆಲ್ಲ ಇಂಗ್ಲಿಷ್ ಬರುತ್ತದೆಂದು ಅವು ಹೇಳುವುದಿಲ್ಲ. ಓದಿನ ಅಧ್ಯಯನಗಳು ಅರ್ಥವಾಗುವ ಭಾಷೆಯಲ್ಲಿ ಕಲಿಕೆ ಸುಲಭ ಎನ್ನುತ್ತವೆ. ಕನ್ನಡ ಮಾಧ್ಯಮವೆಂದ ಮಾತ್ರಕ್ಕೆ ಓದು ಬರುತ್ತದೆಂಬುದನ್ನು ಯಾದಗಿರಿಯ ತರಗತಿಗಳು ಸುಳ್ಳುಮಾಡಿವೆ. ನಾಲ್ಕು ದಶಕಗಳ ಸಾರ್ವಜನಿಕ ವಾದ ‘ಯಾವ ಭಾಷೆ’ ಎಂಬುದರ ಮೇಲೆ ನಿಂತಿದ್ದರೆ, ಪ್ರಭು ಅವರಿಂದ ಮೆನನ್ ಅವರವರೆಗಿನ ಸಂಶೋಧನೆ ಮತ್ತೆಮತ್ತೆ ಬೆರಳು ಮಾಡಿರುವುದು ‘ಹೇಗೆ ಕಲಿಸುತ್ತೇವೆ’ ಎಂಬುದರತ್ತ.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ತ್ರಿಭಾಷೆಯ ಬದಲು ದ್ವಿಭಾಷಾ ಸೂತ್ರವನ್ನೂ ಶಿಫಾರಸು ಮಾಡಿತು. 2014ರ ತೀರ್ಪು ಇರುವವರೆಗೆ ಖಾಸಗಿ ಶಾಲೆಗಳ ಮಾಧ್ಯಮದ ಮೇಲೆ ಇದನ್ನು ಕಡ್ಡಾಯ ಮಾಡುವಂತಿಲ್ಲ. ಹಾಗಾಗಿ ಭಾರವೆಲ್ಲ ಬೀಳುವುದು ಸರ್ಕಾರಿ ಶಾಲೆಯ ಮೇಲೆ. 2019-20ರ ಇಂಗ್ಲಿಷ್ ಮಾಧ್ಯಮ ವಿಭಾಗಗಳಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳು 2029ರಲ್ಲಿ ಎಸ್ಸೆಸ್ಸೆಲ್ಸಿ ಬರೆಯಲಿದ್ದಾರೆ. ಅದೇ ಶಾಲೆಯ ಕನ್ನಡ ವಿಭಾಗದ ಓರಗೆಯವರೊಂದಿಗೆ ಅವರ ಓದು, ಅಂಕ, ಮುಂದಿನ ಉದ್ಯೋಗವನ್ನು ಹೋಲಿಸಲು ಆಗ ಸಾಧ್ಯವಾಗುತ್ತದೆ. ಅದಕ್ಕೆ ಬೇಕಾದ ದಾಖಲೆಗಳನ್ನು ಈಗಿನಿಂದಲೇ ಕಾಪಾಡಿಕೊಳ್ಳಬೇಕಾದದ್ದು ಇಲಾಖೆಯ ಹೊಣೆ.